ತಿಮಿಂಗಿಲದ ಅರ್ಜಿಗೆ ನಾನೊತ್ತಿದ ಸೀಲು

ನನ್ನ ಧೈರ್ಯದ ಬಗ್ಗೆ ಸುಳ್ಳು ಹೇಳಲಾರೆ. ಗಾಂಧಿಬಜಾರಿನಲ್ಲಿ ಹೂವಿನವಳು ಮೊಳ ಗಿಡ್ಡ ಅಳೆದರೂ ತೆಪ್ಪಗೆ ತೆಗೆದುಕೊಂಡು, ಮನೆಗೆ ಬಂದು ಹೆಂಡತಿಯ ಮುಂದೆ ಗುಡುಗುವವನು ನಾನು. ಇಂಥವನನ್ನು ಸರ್ಕಾರ ತೊಂಬತ್ತರ ದಶಕದಲ್ಲಿ ಶೇಷಾದ್ರಿಪುರದ ಒಂದು ಕಚೇರಿಯಲ್ಲಿ ಟಪಾಲು ಗುಮಾಸ್ತನಾಗಿ ಕೂರಿಸಿತ್ತು. ಬಂದ ಕಾಗದಕ್ಕೆ ತಾರೀಖಿನ ಸೀಲು ಒತ್ತುವುದು, ಪ್ರಕಟಣೆಗಳನ್ನು ಬೋರ್ಡಿಗೆ ಅಂಟಿಸುವುದು, ಇಷ್ಟೇ ಕೆಲಸ. ಇಷ್ಟರಲ್ಲೂ ಎಡವಟ್ಟು ಮಾಡಿಕೊಂಡೆ. ಕರಾವಳಿಯ ಒಂದು ದಂಡೆಯಲ್ಲಿ ರೆಸಾರ್ಟು, ತಿಮಿಂಗಿಲ ತೋರಿಸುವ ದೋಣಿಕಟ್ಟೆ ಬರಲಿವೆ, ಆಕ್ಷೇಪಣೆ ಇದ್ದವರು ತಿಂಗಳೊಳಗೆ ತಿಳಿಸಿ ಎಂಬ ಪ್ರಕಟಣೆ ಅಂಟಿಸಿದ್ದೆ. ಮೂರನೇ ದಿನ ಅದರ ಮೇಲೆಯೇ ನಮ್ಮ ರಾಜ್ಯೋತ್ಸವ ನಾಟಕದ ಪಾತ್ರಧಾರಿಗಳ ಪಟ್ಟಿ ಅಂಟಿಸಿದೆ. ಅದರಲ್ಲಿ ದಳಪತಿ ನಾನೇ. ಇನ್ನೆಲ್ಲಿಯ ತಿಮಿಂಗಿಲ?

ಗಡುವು ಭಾನುವಾರಕ್ಕೆ ಮುಗಿಯಿತು. ಸೋಮವಾರ ಬೆಳಿಗ್ಗೆ, ಆ ದಂಡೆಯಿಂದ ರಾತ್ರಿ ಬಸ್ಸು ಹಿಡಿದು, ಮಾಸ್ತಪ್ಪ ಎಂಬ ವಯಸ್ಸಾದ ಮೀನುಗಾರರು ಅರ್ಜಿಯೊಂದಿಗೆ ಬಂದರು. "ನಮಗೆ ಗೊತ್ತಾದದ್ದೇ ಶನಿವಾರ ಸ್ವಾಮಿ. ನಲವತ್ತು ವರ್ಷ ಕಡಲಿಗೆ ಹೋಗಿದ್ದೇನೆ, ತಿಮಿಂಗಿಲ ಕಂಡದ್ದು ಎರಡೇ ಸಲ. ಅದನ್ನು ತೋರಿಸ್ಲಿಕ್ಕೆ ನಾವು ದೋಣಿ ಎಳೆದಿಡುವ ಜಾಗವೇ ಬೇಕಂತೆ. ನಾವು ಎಲ್ಲಿಗೆ ಹೋಗುವುದು?"

ಬಂದ ಆಕ್ಷೇಪಣೆ ಅದೊಂದೇ. ತಪ್ಪು ನನ್ನದು ಎಂದು ಗೊತ್ತಿದ್ದವನೂ ನಾನೊಬ್ಬನೇ. ಅತ್ತಿತ್ತ ನೋಡಿ, ಸೀಲಿನ ತಾರೀಖನ್ನು ಒಂದು ದಿನ ಹಿಂದಕ್ಕೆ ತಿರುಗಿಸಿ ಒತ್ತಿಬಿಟ್ಟೆ. ಅವರನ್ನು ಬೆಂಚಿನ ಮೇಲೆ ಕೂರಿಸಿ ಅರ್ಜಿಯನ್ನು ಸೂಪರಿಂಟೆಂಡೆಂಟರ ಮುಂದಿಟ್ಟೆ.

ಅವರು ಸೀಲನ್ನೇ ದಿಟ್ಟಿಸಿದರು. "ರೀ, ನಿನ್ನೆ ಭಾನುವಾರ. ಕಚೇರಿಗೆ ಬೀಗ ಹಾಕಿತ್ತು. ನೀವೆಲ್ಲಿ ಕೂತ್ಕೊಂಡು ಸೀಲು ಹಾಕಿದ್ರಿ?"

ನಾನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ.

"ಕೊನೇ ದಿನ ರಜಾ ಬಿದ್ರೆ ಮಾರನೇ ದಿನ ತಗೋಬಹುದು ಅಂತ ರೂಲ್ಸೇ ಇದೆಯಲ್ರೀ. ಈಗ ಆ ರೆಸಾರ್ಟ್ ಕಂಪನಿಯೋರು ಈ ಸೀಲು ನೋಡಿ ಅರ್ಜಿನೇ ಸುಳ್ಳು ಅಂತಾರೆ. ತಾರೀಖು ತಿರುಗಿಸಿದ್ದು ನಾನೇ ಅಂತ ಪಕ್ಕದಲ್ಲಿ ಬರೆದು ರುಜು ಹಾಕಿ, ಸರಿಯಾದ ಸೀಲು ಒತ್ತಿ. ಅರ್ಜಿ ಉಳಿಯುತ್ತೆ. ನಿಮ್ಮ ಗತಿ ನಂಗೊತ್ತಿಲ್ಲ."

ಬಾಗಿಲಾಚೆ ಮಾಸ್ತಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಓಡಿಹೋಗಬೇಕು ಅನ್ನಿಸಿತು. ಪೆನ್ನು ತೆಗೆದು, ಸೀಲಿನ ಪಕ್ಕದಲ್ಲಿ ಬರೆದು ರುಜು ಹಾಕಿದೆ.

ರೆಸಾರ್ಟು ಬರಲಿಲ್ಲ; ಆ ದಂಡೆಯಲ್ಲಿ ದೋಣಿಗಳು ಈಗಲೂ ಇವೆಯಂತೆ. ನನ್ನ ಬಡ್ತಿ ಮಾತ್ರ ಮೂರು ವರ್ಷ ನಿಂತಿತು. ಮನೆಗೆ ನೆಂಟರು ಬಂದಾಗಲೆಲ್ಲ, ಸಮುದ್ರತೀರ ಉಳಿಸೋಕೆ ಬಡ್ತಿ ಕಳ್ಕೊಂಡೆ ಎಂದು ಎದೆಯುಬ್ಬಿಸಿ ಹೇಳುತ್ತೇನೆ. ಹೆಂಡತಿ ಕಾಫಿ ಲೋಟ ಇಡುತ್ತಾ ಹೇಳುತ್ತಾಳೆ: "ಸುಮ್ನೆ ಆವತ್ತಿನ ಸೀಲು ಹಾಕಿದ್ರೆ ಎರಡೂ ಉಳೀತಿತ್ತು."