ದೊಡ್ಡಮ್ಮನಿಂದ ತಾಯಿಗೆ ಒಂದು ಗೆರೆ

ಇಂದ:
ಹಿರಿಯ ಗುಮಾಸ್ತ, ಪದಸಂಬಂಧ ವಿಭಾಗ,
ಕಿಟಕಿಯಿಲ್ಲದ ಕಡೆಯ ಮೇಜು

ಗೆ:
ವಿಭಾಗದ ಮುಖ್ಯಸ್ಥರು,
ಕಿಟಕಿಯಿರುವ ಕೋಣೆ

ವಿಷಯ: ಗುರುವಾರದ ಒಂದು ದಿನದ ರಜೆ ಮತ್ತು ಅದಕ್ಕೆ ಅಡ್ಡ ಬಂದಿರುವ ಗೆರೆಯ ಕುರಿತು.

ಉಲ್ಲೇಖ: ಕಂಪ್ಯೂಟರಿನ ನಿರಾಕರಣೆ, ಸೋಮವಾರ, ಇನ್ನೊಂದು ನಿರಾಕರಣೆ, ಹತ್ತು ನಿಮಿಷದ ನಂತರ.

ಮಾನ್ಯರೇ,

೧. ಕಂಪ್ಯೂಟರಿಗೆ ಮಾತು ಓದಲು ಬರುತ್ತದೆ, ಅರ್ಥ ಬರುವುದಿಲ್ಲ. ಯಾವುದು ಯಾವುದರ ಬಗೆ, ಯಾವುದು ಯಾವುದರ ಭಾಗ, ಯಾರು ಯಾರಿಗೆ ಏನಾಗಬೇಕು ಎಂದು ಪದದಿಂದ ಪದಕ್ಕೆ ಗೆರೆ ಎಳೆದು ತೋರಿಸಿದರೆ ಮಾತ್ರ ಅದರ ತಲೆಗೆ ಹತ್ತುತ್ತದೆ. ಅರ್ಜಿದಾರನು ಹನ್ನೊಂದು ವರ್ಷಗಳಿಂದ ಈ ಗೆರೆ ಎಳೆದೇ ಹೊಟ್ಟೆ ಹೊರೆಯುತ್ತಿದ್ದಾನೆ. ಈಗ ರಜೆ ಅರ್ಜಿಗಳನ್ನು ಓದುವುದೂ ಆ ಗೆರೆಗಳನ್ನು ನಂಬಿದ ಕಂಪ್ಯೂಟರೇ.

೨. ಬಂಧುಗಳ ಪಟ್ಟಿಯನ್ನು ಊಟದ ಹೊತ್ತಿನೊಳಗೆ ಮುಗಿಸಬೇಕೆಂದು ತಾವು ಅಪ್ಪಣೆ ಮಾಡಿದ್ದಿರಿ. ಎದುರಿಗೆ ಡಬ್ಬಿ, ಹೊಟ್ಟೆ ತಾಳ ಹಾಕುತ್ತಿತ್ತು. ಆದ ಕಾರಣ ಅರ್ಜಿದಾರನು ಹೆತ್ತವರು, ಮಡದಿ, ಮಕ್ಕಳನ್ನು 'ಹತ್ತಿರ'ಕ್ಕೆ ಹಾಕಿ, ಉಳಿದವರನ್ನೆಲ್ಲ ಸಾರಾಸಗಟಾಗಿ 'ದೂರ'ಕ್ಕೆ ತಳ್ಳಿದನು. ದೊಡ್ಡಮ್ಮನೂ ದೂರವಾದಳು. ಆ ಡಬ್ಬಿ ಕಟ್ಟಿಕೊಟ್ಟಿದ್ದವಳು ಅವಳೇ.

೩. ಅರ್ಜಿದಾರನಿಗೆ ಎರಡು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಸಾಕಿದವಳು ತಾಯಿಯ ಅಕ್ಕನಾದ ಈ ದೊಡ್ಡಮ್ಮ. ಗುರುವಾರ ಅವಳಿಗೆ ಹೃದಯದ ಶಸ್ತ್ರಚಿಕಿತ್ಸೆ. "ನೀನು ಬಾಗಿಲಲ್ಲಿ ನಿಂತಿದ್ರೆ ಒಳಗೆ ಹೋಗ್ತೀನಿ ಕಣೋ. ಇಲ್ಲಾಂದ್ರೆ ಡಾಕ್ಟರಿಗೆ ಹೇಳ್ಬಿಡು, ನನ್ನ ಗುಂಡಿಗೆ ಹೀಗೇ ಇರ್ಲಿ," ಎಂದು ಪಟ್ಟು ಹಿಡಿದಿದ್ದಾಳೆ.

೪. ರಜೆ ಕೇಳಲಾಗಿ ಕಂಪ್ಯೂಟರಿನ ಉತ್ತರ: "ದೂರದ ಬಂಧು. ಹೂಗುಚ್ಛ ಕಳಿಸಬಹುದು." ಆದ್ದರಿಂದ ಅರ್ಜಿಯಲ್ಲಿ 'ತಾಯಿ' ಎಂದು ತಿದ್ದಿ ಕೇಳಲಾಗಿ: "ತಾಯಿ ತೀರಿಕೊಂಡಿದ್ದಾರೆ. ಒಬ್ಬರಿಗೆ ಒಬ್ಬರೇ ತಾಯಿ. ನಿಯಮ ಬರೆದವರು: ಅರ್ಜಿದಾರರೇ."

೫. ಪಕ್ಕದ ಮೇಜಿನವರು ಬೆಕ್ಕನ್ನು 'ಮನೆಮಂದಿ'ಯಲ್ಲಿ ಸೇರಿಸಿದ್ದ ಕಾರಣ, ಬೆಕ್ಕಿನ ಕಾಲು ಉಳುಕಿದ್ದಕ್ಕೆ ಅವರಿಗೆ ಎರಡು ದಿನ ರಜೆ ಮಂಜೂರಾಗಿರುತ್ತದೆ. ಅರ್ಜಿದಾರನಿಗೆ ಬೆಕ್ಕಿನ ಮೇಲೆ ಯಾವ ಹಗೆಯೂ ಇಲ್ಲ.

೬. ಗೆರೆ ತಿದ್ದಲು ತಮ್ಮ ಸಹಿ ಬೇಕು. ನಿನ್ನೆ ಕೇಳಿದಾಗ ತಾವು, "ಗೆರೆ ಎಳೆದೋರು ನೀವೇ ಅಲ್ವೇನ್ರೀ? ಮುಂದಿನ ತಿಂಗಳ ಸಭೆಗೆ ತನ್ನಿ," ಎಂದಿರಿ. ತಪ್ಪು ಅರ್ಜಿದಾರನದೇ. ಈ ಸ್ಥಿತಿಯಲ್ಲೂ ದೊಡ್ಡಮ್ಮ ಕಟ್ಟಿಕೊಡುವ ಡಬ್ಬಿಯನ್ನು ಬಿಚ್ಚಲು ಅವನಿಗೆ ಎರಡು ದಿನದಿಂದ ಮುಖವಿಲ್ಲ.

ಆದ್ದರಿಂದ 'ದೊಡ್ಡಮ್ಮ'ನಿಂದ 'ತಾಯಿ'ಗೆ ಒಂದೇ ಒಂದು ಗೆರೆ ಎಳೆಯಲು ಇಂದೇ ಸಹಿ ಮಾಡಿಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ತಮ್ಮ ಕಂಪ್ಯೂಟರಿನ ಪ್ರಕಾರ ಯಾರೋ ದೂರದವಳ ಮಡಿಲಲ್ಲಿ ಬೆಳೆದ
ಅರ್ಜಿದಾರ

ಲಗತ್ತು: ಡಾಕ್ಟರ ಚೀಟಿ, ಕಂಪ್ಯೂಟರಿನ ಎರಡು ಉತ್ತರಗಳು, ಊಟದ ಡಬ್ಬಿ ಒಂದು, ಬಿಚ್ಚಿಲ್ಲ.

ವಿ.ಸೂ.: ಸಹಿ ಸಾಧ್ಯವಾಗದಿದ್ದಲ್ಲಿ, ಅವಳು ದೂರದವಳೆಂಬ ಸಂಗತಿಯನ್ನು ತಾವೇ ಅವಳಿಗೆ ಫೋನಿನಲ್ಲಿ ತಿಳಿಸಬೇಕಾಗಿ ವಿನಂತಿ. ಅವಳಿಗೆ ಕಿವಿ ಸ್ವಲ್ಪ ಮಂದ. ಎರಡೆರಡು ಸಲ, ಗಟ್ಟಿಯಾಗಿ ಹೇಳಬೇಕಾಗುತ್ತದೆ.