ಭದ್ರಾವತಿಯಲ್ಲಿ ಅಂಕೆಗಳು ನಾಪತ್ತೆ

ಭದ್ರಾವತಿಯ ಮನೆಯೊಂದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಮೂರು ಅಂಕೆಗಳು ನಾಪತ್ತೆಯಾದವು. ಪ್ರಾಣಹಾನಿಯಾಗಿಲ್ಲ. ಲೆಕ್ಕದ ಒಗಟುಗಳಿಗೆ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ಉತ್ತರ ಹುಡುಕುವ ನಮ್ಮ ಗುಂಪಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಪತ್ರಿಕೆಗಳು ಗಮನಿಸುವುದಿಲ್ಲ.

ಗುಂಪು ಸೇರುವುದು ಶಿವಮೊಗ್ಗದಲ್ಲಿ, ಒಗಟು ಕೊಡುವ ನಿವೃತ್ತ ಮೇಷ್ಟರ ಮನೆಯಲ್ಲಿ. ಭದ್ರಾವತಿಯ ಗೆಳೆಯನೊಬ್ಬ ಪ್ರತಿ ಸಲ ಬಸ್ಸಿನಲ್ಲಿ ನಿಂತು ಬರುತ್ತಾನೆ. “ನಮ್ಮೂರಲ್ಲೂ ಸಭೆ ಮಾಡಿ ಸಾರ್” ಎಂದು ಅವನು ಬೇಡಿಕೊಂಡಾಗ ಮೇಷ್ಟರು, “ಒಂದು ಒಗಟು ಎಲ್ಲರಿಗಿಂತ ಮೊದಲು, ಕೊನೇ ಅಂಕೆವರೆಗೂ ಸರಿಯಾಗಿ ಬಿಡಿಸು. ಆಮೇಲೆ ಸಭೆಯೆಲ್ಲ ನಿಮ್ಮನೇಲೇ” ಎಂದರು. ಅಂದಿನಿಂದ ಅವನು ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಿಲ್ಲ.

೧. ಸೊನ್ನೆಗಳು

ಆ ಭಾನುವಾರದ ಒಗಟಿನಲ್ಲಿ ಮೂರನ್ನು ಮೂರರಿಂದಲೇ ಗುಣಿಸುತ್ತ ಹೋಗಬೇಕಿತ್ತು. ಅವನ ಕಂಪ್ಯೂಟರು ಮೊದಲ ಹದಿನಾರು ಅಂಕೆ ನೆಟ್ಟಗೆ ಕೊಟ್ಟು, ಮುಂದೆ ಹಿಡಿಸದೆ, ಮೂರು ಸೊನ್ನೆ ಸೇರಿಸಿ ಮುಗಿಸಿತ್ತು.

ಅವನ ಹೆಂಡತಿ ಕಾಫಿ ಇಡುತ್ತ ನೋಡಿದರು. “ಬರೀ ಮೂರನ್ನೇ ಗುಣಿಸಿದ್ರೆ ಸೊನ್ನೆ ಎಲ್ಲಿಂದ ಬರುತ್ತೆ?”

“ಕಂಪ್ಯೂಟರ್ ಹೇಳ್ತಿದೆ ಮಾರಾಯ್ತಿ.”

“ಕೇಳಿದ್ದಕ್ಕೆಲ್ಲ ‘ಹತ್ತತ್ರ ಆಯ್ತು’ ಅನ್ನೋದು ನಿಮ್ಮಿಂದಲೇ ಕಲಿತಿರಬೇಕು.”

೨. ಉತ್ತರ ದಿಕ್ಕು

ಅವನು ಪಟ್ಟು ಬಿಡಲಿಲ್ಲ. ಶಾಲೆಯಲ್ಲಿ ಮಾಡಿದಂತೆ ಒಂದೊಂದು ಅಂಕೆಗೆ ಒಂದೊಂದು ಮನೆ ಮಾಡಿ, ದಶಕವನ್ನು ಪಕ್ಕದ ಮನೆಗೆ ದಾಟಿಸುವ ಪ್ರೋಗ್ರಾಂ ಬರೆದ. ಈಗ ಸಂಖ್ಯೆ ಎಷ್ಟು ಉದ್ದವಾದರೂ ಹಿಡಿಸುತ್ತಿತ್ತು. ಮುಂದಿನ ಒಗಟಿನ ಉತ್ತರದ ಮೊದಲ ಹತ್ತು ಅಂಕೆಗಳನ್ನು ನನಗೆ ವಾಟ್ಸಾಪ್ ಮಾಡಿದ. ಮೊಬೈಲು ಅದನ್ನು ಫೋನ್ ನಂಬರೆಂದು ತಿಳಿದು ನೀಲಿ ಗೆರೆ ಎಳೆದಿತ್ತು. ನನಗೆ ಗೊತ್ತಾಗದಂತೆ ಬೆರಳು ತಗುಲಿ ಕರೆ ಹೋಯಿತು. ಆ ಕಡೆ ಯಾರೋ ಎತ್ತಿದರು. ಗೆಳೆಯನೇ ಕರೆ ಮಾಡಿದ್ದಾನೆಂದು ತಿಳಿದು ಕೇಳಿದೆ:

“ಇದೇನಾ ಉತ್ತರ?”

“ಉತ್ತರ ಅಲ್ಲ ಸಾರ್, ಪೂರ್ವದ ಬಾಗಿಲು. ಹೊಳೆಹೊನ್ನೂರಿನ ಮನೆ ನೋಡೋಕೆ ಬರ್ತೀನಿ ಅಂದಿದ್ದು ನೀವೇ ತಾನೆ?”

ಒಗಟಿನ ಉತ್ತರ ತಪ್ಪಾಗಿತ್ತು. ಕೊನೆಯ ಗುಣಾಕಾರದ ದಶಕ ಕೈಯಲ್ಲೇ ಉಳಿದುಹೋಗಿತ್ತು. ಹೊಳೆಹೊನ್ನೂರಿನವರು ಮಾತ್ರ ಬಾಡಿಗೆ ಇಳಿಸಲು ಸಿದ್ಧರಿದ್ದರು.

೩. ಬಾಯಿಲೆಕ್ಕ

ಅದರ ಮುಂದಿನ ಒಗಟಿನ ಉತ್ತರ ಪುಟದಷ್ಟು ಉದ್ದ. ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಮೇಷ್ಟರಿಗೆ ಫೋನಿನಲ್ಲಿ ಓದಿ ಹೇಳಬೇಕು, ಇಲ್ಲವೇ ಖುದ್ದು ತೋರಿಸಬೇಕು. ಫೋಟೋ ಕಳಿಸುವುದು ಅವರಿಗೆ ಆಗದು. ಅಷ್ಟರವರೆಗೆ ಯಾರೂ ಬಿಡಿಸಿರಲಿಲ್ಲ. ನಾನು ಮೇಷ್ಟರ ಮನೆಯಲ್ಲೇ ಇದ್ದೆ. ಫೋನು ಸ್ಪೀಕರಿನಲ್ಲಿತ್ತು.

“ಎರಡು ಮೂರು” ಎಂದ ಗೆಳೆಯ.

“ಎರಡು, ಆಮೇಲೆ ಮೂರೋ? ಇಲ್ಲ ಮೂರೇ ಎರಡು ಸಲವೋ?”

“ಎರಡು ಒಂದು ಸಲ, ಮೂರು ಒಂದು ಸಲ ಸಾರ್.”

“ಎರಡು, ಒಂದು, ಮೂರು, ಒಂದು” ಎಂದು ಮೇಷ್ಟರು ಬರೆದುಕೊಂಡರು.

“ಅಯ್ಯೋ, ಒಂದು ತೆಗೀರಿ!”

“ಯಾವ ಒಂದು?”

“ಎರಡೂ ಒಂದು!”

ಮೇಷ್ಟರು ಮತ್ತೆ ಎರಡು, ಒಂದು ಎಂದು ಬರೆದರು.

ಹೀಗೇ ಆದರೆ ಮಧ್ಯಾಹ್ನವಾಗುತ್ತದೆಂದು ಗೆಳೆಯ ಹಾಳೆ ಹಿಡಿದು ಬಸ್ಸು ಹತ್ತಿದ. ಫೋನು ಮಾತ್ರ ಇಡಲಿಲ್ಲ. “ಏಳು” ಎಂದು ಅವನು ಕೂಗಿದ್ದು ಕೇಳಿಸಿತು. ಹಿಂದೆಯೇ ಇನ್ನೊಂದು ದನಿ: “ಏಳು ಅಂದ್ರೇನ್ರೀ? ಸೀಟು ಬೇಕಾದ್ರೆ ಏಳಿ ಅಂತ ಮರ್ಯಾದೆಯಿಂದ ಕೇಳಿ.”

“ನಿಮಗಲ್ಲ ಸ್ವಾಮಿ. ಒಂಬತ್ತು.”

“ಒಂಬತ್ತು” ಎಂದು ಮೇಷ್ಟರು ಬರೆದರು.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಬಾಗಿಲು ಬಡಿದ ಸದ್ದಾಯಿತು. ಮೇಷ್ಟರು ಪೆನ್ನು ಹಿಡಿದೇ ಹೋಗಿ ತೆರೆದರು. ಗೆಳೆಯ ಕಿವಿಗೆ ಫೋನು ಒತ್ತಿಕೊಂಡು, ಬೆವರುತ್ತ, “ಮುಂದೆ ಎಂಟು” ಎನ್ನುತ್ತ ನಿಂತಿದ್ದ.

“ಸ್ವಲ್ಪ ಇರಪ್ಪ” ಎಂದರು ಮೇಷ್ಟರು, “ಫೋನಲ್ಲಿದೀನಿ.”

ಹಾಳೆ ನೋಡಲಾಯಿತು. ಉತ್ತರ ಸರಿಯಿತ್ತು. ಸಭೆ ಈಗ ಭದ್ರಾವತಿಯಲ್ಲಿ ನಡೆಯುತ್ತದೆ.