ಅಕ್ಕ ಹೋಟೆಲಿನಲ್ಲಿ ಇಟ್ಟ ಪರೀಕ್ಷೆ

ನನ್ನ ಅಕ್ಕನ ಜೊತೆ ಒಮ್ಮೆ ಹೋಟೆಲಿನಲ್ಲಿ ಊಟ ಮಾಡಿದವರು ಜನ್ಮದಲ್ಲಿ ಮತ್ತೆ ಯಾವ ಪರೀಕ್ಷೆಗೂ ಹೆದರುವುದಿಲ್ಲ! ಅಕ್ಕ ಸೌದಿ ಅರೇಬಿಯಾದ ದಮ್ಮಾಮಿನ ಒಂದು ಇಂಡಿಯನ್ ಶಾಲೆಯಲ್ಲಿ ಗಣಿತದ ಟೀಚರಾಗಿದ್ದಳು. ಶಾಲೆಯೊಳಗೆ ಟೀಚರಾಗಿರುವುದರಲ್ಲಿ ಏನು ವಿಶೇಷ? ನನ್ನ ಅಕ್ಕ ತರಕಾರಿ ಅಂಗಡಿಯಲ್ಲೂ ಟೀಚರು, ಆಸ್ಪತ್ರೆಯಲ್ಲೂ ಟೀಚರು. ಲಿಫ್ಟಿನಲ್ಲಿ ಗುರುತೇ ಇಲ್ಲದ ಆರು ಜನರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರು ನಿಂತರು ಕೂಡ!

ನಾನು ಎಂಟನೇ ಕ್ಲಾಸಿಗೆ ಪುಸ್ತಕ ಕಟ್ಟಿಟ್ಟವನು. ಪುತ್ತೂರಿನಲ್ಲಿ ಜೀಪು ಓಡಿಸಿಕೊಂಡಿದ್ದ ನನ್ನನ್ನು ಭಾವ ವೀಸಾ ಮಾಡಿಸಿ ಕರೆಸಿಕೊಂಡಿದ್ದರು. ಆಗಿನ್ನೂ ಆ ದೇಶದಲ್ಲಿ ಹೆಂಗಸರು ಕಾರು ಓಡಿಸುವಂತಿರಲಿಲ್ಲ. ಅಕ್ಕನನ್ನೂ ಅವಳ ಇಬ್ಬರು ಗೆಳತಿಯರನ್ನೂ ಶಾಲೆಗೆ ಬಿಟ್ಟು ಕರೆತರುವುದು ನನ್ನ ಕೆಲಸ. ಗೆಳತಿಯರಲ್ಲಿ ಒಬ್ಬರು ಕೇರಳದ ಸೈನ್ಸ್ ಟೀಚರು, ಇನ್ನೊಬ್ಬರು ಹೈದರಾಬಾದಿನ ಹಿಂದಿ ಟೀಚರು.

ಪ್ರತಿ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದು ಹೋಟೆಲುಗಳ ಬಾಗಿಲು ತೆರೆದ ಕೂಡಲೇ ಮೂವರೂ ಊಟಕ್ಕೆ ಹಾಜರು. ಹೋಟೆಲಿನಲ್ಲಿ ಎರಡು ಭಾಗ. ಒಂದು ಫ್ಯಾಮಿಲಿ ಕಡೆ. ಅಲ್ಲಿ ಪರದೆ ಹಾಕಿದ ಸಣ್ಣ ಸಣ್ಣ ಕ್ಯಾಬಿನ್ನುಗಳು. ಪ್ಲೈವುಡ್ ಗೋಡೆಯ ಈಚೆ ಒಂಟಿ ಗಂಡಸರ ಕಡೆ. ನಾನು ಈಚೆ ಕೂತು ಪರೋಟಾ ತಿನ್ನುತ್ತಿದ್ದೆ. ಆಚೆಯದೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಅಕ್ಕನ ಧ್ವನಿಗೆ ಪ್ಲೈವುಡ್ ಯಾವ ಲೆಕ್ಕ?

ಬಡಿಸುವವನು ಬಂಟ್ವಾಳದವನು. ಪಾಪ, ಮೊದಲ ದಿನ ಪರದೆ ಸರಿಸಿ ತಟ್ಟೆ ಒಳಗೆ ಚಾಚಿದ.

"ನಿಲ್ಲು! ಒಳಗೆ ಬರುವ ಮೊದಲು ಎಂತ ಕೇಳಬೇಕು?"

"ಎಂತ ಕೇಳುದು ಅಕ್ಕ? ಚಿಕನ್ನು ಸಾಕಾ ಅಂತಲಾ?"

"ಮೇ ಐ ಕಮಿನ್ ಟೀಚರ್!"

ಎರಡೇ ವಾರ. ಅವನು ಒಂಟಿ ಗಂಡಸರ ಕಡೆಗೂ "ಮೇ ಐ ಕಮಿನ್" ಎನ್ನುತ್ತಲೇ ಸಾಂಬಾರು ತರತೊಡಗಿದ!

ಊಟದ ಕ್ರಮವಂತೂ ಕೇಳಲೇಬೇಡಿ. ಮೂರು ಬಗೆಯ ತಿಂಡಿ ತರಿಸುವುದು, ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ. ಹತ್ತು ನಿಮಿಷಕ್ಕೊಮ್ಮೆ ಅಕ್ಕ ಚಮಚದಿಂದ ಗ್ಲಾಸಿಗೆ ಟಣ್ ಎಂದು ಬಡಿಯುತ್ತಿದ್ದಳು. ಪೀರಿಯಡ್ ಮುಗಿಯಿತು! ತಟ್ಟೆಗಳು ಬಲಕ್ಕೆ ಹೋಗಬೇಕು. ಹಿಂದಿ ಟೀಚರು ಒಮ್ಮೆ, "ನನ್ನ ಚಿಕನ್ನಿನ ಕಾಲು ಪೀಸು ಇನ್ನೂ ಅರ್ಧ ಇದೆ" ಎಂದು ಗೋಗರೆದರು. "ಪರೀಕ್ಷೆಯಲ್ಲೂ ಹೀಗೇ ಟೈಮ್ ಕೇಳುತ್ತೀರಾ?" ಎಂದಳು ಅಕ್ಕ. ಕಾಲು ಪೀಸು ಬಲಕ್ಕೆ ಹೋಯಿತು. ಆದರೂ ಅವರಿಬ್ಬರು ಒಂದು ಶುಕ್ರವಾರವನ್ನೂ ತಪ್ಪಿಸಲಿಲ್ಲ. ಅಷ್ಟು ನಗು ಆ ಊರಿನಲ್ಲಿ ಬೇರೆಲ್ಲಿ ಸಿಗುತ್ತಿತ್ತು?

ಅಕ್ಕನ ತಮ್ಮನಾಗಿ ನಾನು ಯಾಕೆ ಆಚೆ ಕೂರುತ್ತಿರಲಿಲ್ಲ ಎಂದು ನೀವು ಕೇಳಬೇಕು. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಮೊದಲ ದಿನ ಕಾರು ಹತ್ತಿದ ಸೈನ್ಸ್ ಟೀಚರು, "ಟೀಚರಿಗೆ ನೀವು ಏನಾಗಬೇಕು?" ಎಂದು ಕೇಳಿದರು. ಇಷ್ಟು ಓದಿದವಳಿಗೆ ಇಂಥ ತಮ್ಮನೇ ಎಂದುಕೊಂಡಾರು ಅನ್ನಿಸಿತು. ಅಕ್ಕ ಬಾಯಿ ತೆರೆಯುವ ಮೊದಲೇ, "ನಾನು ಬರೀ ಡ್ರೈವರ್" ಎಂದುಬಿಟ್ಟೆ. ಅಕ್ಕ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದಳು. ಬೈಯುತ್ತಾಳೆಂದು ಕಾದೆ. ಬಡಿಸುವವನನ್ನೂ ಬಿಡದವಳು ನನಗೆ ಒಂದು ಮಾತೂ ಅನ್ನಲಿಲ್ಲ. ಒಂದು ವರ್ಷ ಆ ಸುಳ್ಳು ನಮ್ಮ ಜೊತೆಗೇ ಕಾರಿನಲ್ಲಿ ಓಡಾಡಿತು.

ಸೈನ್ಸ್ ಟೀಚರು ಊರಿಗೆ ವಾಪಸಾಗುವ ಮೊದಲಿನ ಕೊನೆಯ ಶುಕ್ರವಾರ. "ಪಾಪ, ನಿಮ್ಮ ಡ್ರೈವರನ್ನೂ ಇವತ್ತು ಒಳಗೆ ಕರೆಯೋಣ" ಎಂದರು ಅವರು.

"ಅವನು ಡ್ರೈವರಲ್ಲ. ನನ್ನ ಒಡಹುಟ್ಟಿದ ತಮ್ಮ" ಎಂದಳು ಅಕ್ಕ.

ನಾನು ಪರೋಟಾ ಅರ್ಧಕ್ಕೇ ಬಿಟ್ಟೆ. ನಾನು ಎದ್ದು ಆಚೆ ಹೋಗುವಷ್ಟರಲ್ಲಿ ಮ್ಯಾನೇಜರು ಅಡ್ಡ ಬಂದರು. "ಒಂದು ವರ್ಷ ಡ್ರೈವರ್, ಇವತ್ತು ತಮ್ಮನಾ? ಹೊರಗಿನ ಗಂಡಸರನ್ನು ಇಲ್ಲಿ ಕೂರಿಸಿದರೆ ನನ್ನ ಹೋಟೆಲು ಮುಚ್ಚಿಸುತ್ತಾರೆ." ಇಕಾಮಾ, ಅಂದರೆ ಅಲ್ಲಿನ ವಾಸದ ಗುರುತಿನ ಕಾರ್ಡು, ತೋರಿಸೋಣವೆಂದರೆ ಅಕ್ಕನದರಲ್ಲಿ ಭಾವನ ಹೆಸರು, ನನ್ನದರಲ್ಲಿ ಅಪ್ಪನ ಹೆಸರು!

ಅಕ್ಕ ಎದ್ದೇಬಿಟ್ಟಳು. ಪರ್ಸಿನಿಂದ ಎರಡು ಹಾಳೆ ತೆಗೆದು, ಎರಡರಲ್ಲೂ ನಾಲ್ಕು ಪ್ರಶ್ನೆ ಗೀಚಿ, ಒಂದನ್ನು ನನಗೆ ಕೊಟ್ಟಳು. "ನೀನು ಆಚೆ ಕೂತು ಬರಿ, ನಾನು ಈಚೆ ಬರೀತೇನೆ. ತಾಳೆ ನೋಡ್ಲಿ. ಕಾಪಿ ಹೊಡೆದ್ರೆ ಜಾಗ್ರತೆ!"

ಇಪ್ಪತ್ತು ವರ್ಷದ ನಂತರ ನಾನು ಪರೀಕ್ಷೆ ಬರೆದೆ. ಪಕ್ಕದ ಮೇಜಿನವರು ಊಟ ಬಿಟ್ಟು ನೋಡುತ್ತಿದ್ದರು. ಬಂಟ್ವಾಳದವನು ಎರಡೂ ಹಾಳೆ ಹಿಡಿದು, ಓದಿ, ಮ್ಯಾನೇಜರಿಗೆ ಹಿಂದಿಯಲ್ಲಿ ಹೇಳುತ್ತ ಹೋದ.

ಅಮ್ಮನಿಗೆ ಯಾವ ವಾಸನೆ ಆಗುವುದಿಲ್ಲ? ಇಬ್ಬರದೂ ಹಲಸಿನ ಹಣ್ಣು. ಅಪ್ಪ ಸೈಕಲ್ ಸಮೇತ ಬಿದ್ದದ್ದೆಲ್ಲಿ? ಇಬ್ಬರದೂ ಪೋಸ್ಟಾಫೀಸಿನ ಎದುರಿನ ಚರಂಡಿ. ಅಕ್ಕನ ಮೊಣಕೈಯ ಗಾಯ ಯಾರಿಂದ? ನನ್ನ ಉತ್ತರ: "ನನ್ನಿಂದ. ಆದರೆ ಮೊದಲು ಕಚ್ಚಿದ್ದು ಅವಳು." ಅಕ್ಕನ ಉತ್ತರ: "ಅವನಿಂದ. ಮೊದಲು ಕಚ್ಚಿದ್ದು ನಾನಲ್ಲ."

"ಸುಳ್ಳು! ನೀನೇ ಕಚ್ಚಿದ್ದು!" ಎಂದು ಇಡೀ ಹೋಟೆಲಿಗೆ ಕೇಳುವಂತೆ ಕೂಗಿದೆ.

"ಬಾಯಿ ಮುಚ್ಚು! ಬೆಲ್ಲದ ಡಬ್ಬಿ ಕಸಿದವ ಯಾರು?"

ಮ್ಯಾನೇಜರು ಎರಡೂ ಕೈ ಎತ್ತಿಬಿಟ್ಟರು. "ಸಾಕು, ಸಾಕು! ಒಡಹುಟ್ಟಿದವರೇ. ಯಲ್ಲಾ, ಒಳಗೆ ಹೋಗು!" ಒಂಟಿ ಗಂಡಸರ ಕಡೆಯಿಂದ ಚಪ್ಪಾಳೆಯೋ ಚಪ್ಪಾಳೆ. ಜೀವನದಲ್ಲಿ ನಾನು ಪಾಸಾದ ದೊಡ್ಡ ಪರೀಕ್ಷೆ ಅದೊಂದೇ!

"ಇನ್ನೊಂದು ಉಂಟಲ್ಲ ಮಾರಾಯ" ಎಂದ ಬಂಟ್ವಾಳದವನು. ನಾಲ್ಕನೇ ಪ್ರಶ್ನೆ: ಮೊದಲ ದಿನ ಕಾರಿನಲ್ಲಿ ತಮ್ಮ ತಾನು ಯಾರೆಂದು ಹೇಳಿದ? ನನ್ನ ಹಾಳೆಯನ್ನು ಮೆಲ್ಲಗೆ ಓದಿದ: "ಬರೀ ಡ್ರೈವರ್ ಅಂದೆ. ತಪ್ಪಾಯಿತು ಅಕ್ಕ." ಆಮೇಲೆ ಅಕ್ಕನ ಹಾಳೆ ನೋಡಿ ತಲೆ ಕೆರೆದುಕೊಂಡ.

"ಇದು ತಾಳೆ ಆಗುದಿಲ್ಲ ಅಕ್ಕ. ನೀವು 'ನೆನಪಿಲ್ಲ' ಅಂತ ಬರೆದಿದ್ದೀರಿ."

ಪ್ರಶ್ನೆ ಹಾಕಿದವಳೇ ಅವಳು.

ಅಕ್ಕ ಅವನ ಕೈಯಿಂದ ಎರಡೂ ಹಾಳೆ ಕಸಿದು ಪರ್ಸಿಗೆ ತುರುಕಿದಳು. ಗೋಡೆಯ ಕಡೆಗೆ ಸರಿದು ಬೆಂಚಿನ ಮೇಲೆ ತನ್ನ ಪಕ್ಕದಲ್ಲಿ ಜಾಗ ಮಾಡಿದಳು. "ಎಂತ ನಿಂತು ನೋಡುದು? ಅನ್ನ ತಣೀತದೆ. ಬಾ, ಕೂತ್ಕೊ."